ಡ್ರಮ್ ನಿಂತ ಜಾಗ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ನಿದ್ದೆಗೆಟ್ಟೇ ಮುದುಕರಾದವರು. ಬೆಳಕು ಹರಿಯುವ ಮೊದಲು ಬೇಕರಿಯಲ್ಲಿ ಹಿಟ್ಟು ನಾದುವುದು, ಸಂಜೆ ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವುದು, ನಡುವೆ ಸಿಕ್ಕಲ್ಲಿ ತೂಕಡಿಸುವುದು. ಹಲ್ಲು ಕೀಳಿಸಿಕೊಳ್ಳಲು ಹೋಗಿ ಡಾಕ್ಟರ ಕುರ್ಚಿಯಲ್ಲೇ ಗೊರಕೆ ಹೊಡೆದ ಮಹಾನುಭಾವರು. ನಾವೆಲ್ಲ ಆಡಿಕೊಂಡು ನಗುತ್ತಿದ್ದೆವು. ಅಕ್ಕ ಮಾತ್ರ ನಗುತ್ತಿರಲಿಲ್ಲ.

ಬ್ಯಾಂಡಿನವರು ಹಾಡುಗಳನ್ನೇನೋ ಬೇಕಾದಷ್ಟು ಮಾಡಿದರು. ಜನರ ಬಾಯಲ್ಲಿ ಉಳಿದದ್ದು ಒಂದೇ, ‘ಮೆಟ್ಟಿಲ ಮೇಲಿನ ಚಪ್ಪಲಿ’. ಹಾಡುಗಾರ ಭಾವನ ಬಾಲ್ಯದ ಗೆಳೆಯ. ತಾಯಿ ತೀರಿಕೊಂಡ ವಾರವೇ ಅದನ್ನು ಬರೆದು, ಆ ವಾರವೇ ರೆಕಾರ್ಡಿಂಗ್ ಇಟ್ಟುಕೊಂಡಿದ್ದ. ಭಾವ ಬೇಕರಿ ಕೆಲಸ ಮುಗಿಸಿ, ಮೈಮೇಲಿನ ಹಿಟ್ಟೂ ಕೊಡವದೆ ಸ್ಟುಡಿಯೋಗೆ ಓಡಿದ್ದರು. ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ದಪ್ಪ ಸ್ಪಂಜು, ಒಳಗೆ ಬೆಚ್ಚಗೆ. ಎರಡನೇ ಚರಣದಲ್ಲಿ ಅಮ್ಮನನ್ನು ಕರೆಯುವ ಸಾಲು ಮುಗಿಯುತ್ತಿದ್ದಂತೆ ಭಾವನಿಗೆ ಜೋಂಪು ಹತ್ತಿತು. ತಲೆ ಬಾಗಿತು, ಕೈ ನಿಂತಿತು. ಅದನ್ನು ನೋಡಿ ಗಿಟಾರಿನವರೂ ನಿಂತರು. ಇನ್ನೇನು ಸ್ಟೂಲಿನಿಂದ ಜಾರಬೇಕು, ಅಷ್ಟರಲ್ಲಿ ಬೆಚ್ಚಿಬಿದ್ದ ಭಾವ ಗಾಬರಿಯಲ್ಲಿ ಎರಡೂ ಕೋಲುಗಳನ್ನು ಅಪ್ಪಳಿಸಿದರು. ಹಾಡು ಮತ್ತೆ ಹೊರಟಿತು.

ತಪ್ಪಾಯಿತು ಎನ್ನಲು ಭಾವ ಬಾಯಿ ತೆರೆಯುವಷ್ಟರಲ್ಲಿ ಹಾಡುಗಾರ ಬಂದು ತಬ್ಬಿಕೊಂಡು ಅತ್ತನಂತೆ. ಎಲ್ಲರೂ ಸಮಾಧಾನದ ಮಾತು ಹೇಳಿ ಹೋದರು, ಅಮ್ಮನಿಗಾಗಿ ಕೈಯಲ್ಲಿದ್ದ ಕೆಲಸ ನಿಲ್ಲಿಸಿದವನು ನೀನೊಬ್ಬನೇ ಎಂದನಂತೆ. ಹಾಗೆ ಅಳುವವನ ಎದುರು ನಿದ್ದೆ ಬಂದಿತ್ತು ಎನ್ನುವುದು ಹೇಗೆ? ಭಾವ ತೆಪ್ಪಗಾದರು. ಹಾಡು ಹಾಗೆಯೇ ಹೊರಬಂತು, ಆ ಮೌನದಿಂದಲೇ ಗೆದ್ದಿತು. ಪತ್ರಿಕೆಯವರು ಅದಕ್ಕೆ ಏನೇನೋ ಅರ್ಥ ಕಟ್ಟಿದರು. ಇವತ್ತಿಗೂ ಆ ಜಾಗ ಬಂತೆಂದರೆ ಮೈದಾನದ ತುಂಬ ಜನ ತಮ್ಮ ತಮ್ಮ ತಾಯಂದಿರನ್ನು ನೆನೆದು ತಲೆ ತಗ್ಗಿಸುತ್ತಾರೆ. ಭಾವನೂ ತಗ್ಗಿಸುತ್ತಾರೆ. ಅವರಿಗೆ ಅದರಷ್ಟು ಸುಸ್ತಿನ ಕೆಲಸ ಇನ್ನೊಂದಿಲ್ಲ.

ಮೂವತ್ತು ವರ್ಷ ಹೀಗೇ ಸವೆಯಿತು. ಈಗ ಬಲಭುಜ ಕೆಟ್ಟು ಕೂತಿದೆ. ಎರಡರಲ್ಲೊಂದು ಕೆಲಸ ಬಿಡದಿದ್ದರೆ ತೋಳು ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಹೊಟ್ಟೆ ಹೊರೆಯುವುದು ಬೇಕರಿ, ಹಾಗಾಗಿ ಬಿಡಬೇಕಾದದ್ದು ಡ್ರಮ್ಮು. ಬದಲಿಗೆ ಚೆನ್ನಾಗಿ ಬಾರಿಸುವವಳೊಬ್ಬಳು ಸಿದ್ಧವಾಗಿಯೂ ಇದ್ದಳು. ಹಾಡುಗಾರ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಆ ಜಾಗದಲ್ಲಿ ನಿಲ್ಲುವುದು ಎದೆಯಿಂದ ಬರಬೇಕು, ಬೇರೆಯವರಿಗೆ ಬರುವುದಿಲ್ಲ ಎಂದು ಅವನ ಹಟ. ಅಕ್ಕನಿಗೆ ರೇಗಿಹೋಯಿತು.

"ನಿದ್ದೆ ಬಂದಿತ್ತು ಅಂತ ಹೇಳಿ ಬಿಡಿಸ್ಕೊಳ್ರೀ. ತೋಳು ಹೋದ್ಮೇಲೆ ಅವನೇನು ಬಂದು ಹಿಟ್ಟು ನಾದ್ತಾನಾ?"

ಒಬ್ಬರನ್ನೇ ಕಳಿಸಿದರೆ ಹೇಳದೆ ವಾಪಸ್ ಬರುತ್ತಾರೆಂದು ನನ್ನನ್ನೂ ಜೊತೆಗೆ ಅಟ್ಟಿದಳು. ಹಾಡುಗಾರ ಅಡುಗೆಮನೆಯಲ್ಲಿ ನಿಂತು ಲೋಟ ತೊಳೆಯುತ್ತಿದ್ದ. ಬಣ್ಣ ಹಚ್ಚಿದ ಕೂದಲ ಬುಡದಲ್ಲಿ ಬಿಳಿ ಇಣುಕುತ್ತಿತ್ತು. ಭಾವ ಸುತ್ತಿ ಬಳಸಲಿಲ್ಲ.

"ಅವತ್ತು ನಾನು ಬೇಕಂತ ನಿಲ್ಲಿಸಿದ್ದಲ್ಲ ಕಣೋ. ತೂಕಡಿಸಿಬಿಟ್ಟೆ, ಅಷ್ಟೇ."

ಅವನು ನಲ್ಲಿ ನಿಲ್ಲಿಸಿದ. ಕೂಗಾಡುತ್ತಾನೆಂದು ಕಾದೆ. ಕೂಗಾಡಲಿಲ್ಲ. ಒದ್ದೆ ಲೋಟವನ್ನು ಎಲ್ಲಿಡುವುದೆಂದು ತಿಳಿಯದವನಂತೆ ಹಿಡಿದುಕೊಂಡೇ ನಿಂತ.

"ಹಾಗಾದ್ರೆ ನಮ್ಮಮ್ಮನಿಗೋಸ್ಕರ ಯಾರೂ ನಿಲ್ಲಿಸ್ಲೇ ಇಲ್ವಾ?"

ಗಟ್ಟಿಯಾಗಿರಿ ಎಂದು ಭಾವನಿಗೆ ಕಣ್ಣಲ್ಲೇ ಹೇಳಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಭುಜ ನೀವಿಕೊಂಡರು. ಆಮೇಲೆ ನಕ್ಕರು.

"ಸುಮ್ನೆ ಅಂದೆ ಕಣೋ. ಭುಜ ನೋಯ್ತಿದೆ, ಹೀಗಾದ್ರೂ ತಪ್ಪಿಸ್ಕೊಳ್ಳೋಣ ಅಂತ ಒಂದು ಸುಳ್ಳು ಬಿಟ್ಟೆ. ಶನಿವಾರದ ಕಾರ್ಯಕ್ರಮಕ್ಕೆ ವ್ಯಾನ್ ಎಷ್ಟೊತ್ತಿಗೆ ಬರುತ್ತೆ?"

ಹಾಡುಗಾರ ಅವರನ್ನು ಬಾಯಿತುಂಬ ಬೈದ. ಬೈಯುತ್ತಲೇ ಕಣ್ಣೊರೆಸಿಕೊಂಡ.

ಬರುವಾಗ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಮೇಲಿನ ಕಂಬಿಗೆ ಭಾವನ ಬಲಗೈ ಎಟುಕಲಿಲ್ಲ. ಎಡಗೈಯಲ್ಲಿ ಹಿಡಿದು ನಿಂತು, "ನಿಮ್ಮಕ್ಕನಿಗೆ ನೀನೇ ಹೇಳಪ್ಪ," ಎಂದರು.