ಹಾಳು ಮಾಡಿದವನು ಜಿಯಾಉದ್ದೀನ್

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದೆ ಪಲ್ಪರ್ ರಿಪೇರಿ ಮಾಡುತ್ತಿದ್ದ ಜಿಯಾಉದ್ದೀನನಷ್ಟು ತಪ್ಪು ಮಾಡಿದ ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬನಿರಲಿಲ್ಲ. ಇದು ಅವನದೇ ಮಾತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರವನ್ನು ಯಾರು ಹೇಗೆ ಕೆಡಿಸಿಕೊಂಡು ಬಂದರೂ, "ಇಷ್ಟೂ ಗೊತ್ತಾಗಲ್ವಾ?" ಎಂಬ ಮಾತು ಅವನ ಬಾಯಿಂದ ಬಂದದ್ದಿಲ್ಲ. "ಅಯ್ಯೋ ಮಾರಾಯ, ನಾನೂ ಹಿಂಗೇ ಮಾಡಿದ್ದೆ" ಎಂದೇ ಶುರು. ಗ್ರೀಸ್ ಸಿಗದೆ ತುಪ್ಪ ಸುರಿದವರಿಗೂ ಅದೇ ಉತ್ತರ, ಎರಡು ದಿನ ಉಲ್ಟಾ ತಿರುಗಿಸಿ ಹ್ಯಾಂಡಲ್ ಮುರಿದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೂ ಅದೇ ಉತ್ತರ. ಆಮೇಲೆ ಸ್ಪ್ಯಾನರ್ ಬಂದವರ ಕೈಗೇ: "ನೀವು ಬಿಚ್ಚಿ, ನಾನು ಚಾ ಕುಡೀತೀನಿ." ಎಲ್ಲರೂ ಕಲಿತುಬಿಟ್ಟರೆ ನಿನ್ನ ಹೊಟ್ಟೆಪಾಡೇನೋ ಎಂದರೆ, "ಹೊಸ ತಪ್ಪು ಹುಟ್ತಾನೇ ಇರ್ತಾವೆ ಬಿಡಿ" ಎಂದು ನಗುತ್ತಿದ್ದ. ಅಂಗಡಿಯ ಗೋಡೆ ತುಂಬ ಮುರಿದ ಹಲ್ಲುಚಕ್ರ, ಮುರಿದ ಹ್ಯಾಂಡಲ್, ಹರಿದ ತಾಮ್ರದ ತಗಡು. ಒಂದೊಂದರ ಕೆಳಗೂ ಅದು ಹೇಗೆ ಕೆಟ್ಟಿತೆಂಬ ಕಾರಣ, ಕಾರಣದ ಕೆಳಗೆ ಸೀಮೆಸುಣ್ಣದಲ್ಲಿ "ಹಾಳು ಮಾಡಿದವನು ಜಿಯಾಉದ್ದೀನ್". ಎಪ್ಪತ್ತೆಂಟನೇ ಇಸವಿಯ ಕಾಫಿ ಹಣ್ಣಿನ ಕಾಲದಲ್ಲಿ, ಗೋಣಿಬೀಡಿನಲ್ಲಿ ಎರಡೆಕರೆ ತೋಟವಿದ್ದ ಮುದ್ದಮ್ಮ ಆ ಗೋಡೆಯೆದುರು ನಿಂತರು. ಹಿಂದಿನ ವರ್ಷ ಬೋಲ್ಟನ್ನು ಅತಿಯಾಗಿ ಬಿಗಿದು ಅವರೇ ಹರಿದಿದ್ದ ತಗಡು ಅವನ ಹೆಸರು ಹೊತ್ತು ಅಲ್ಲಿ ನೇತಾಡುತ್ತಿತ್ತು. ಮುದ್ದಮ್ಮ ಸೆರಗಿನಿಂದ ಆ ಹೆಸರನ್ನು ಒರೆಸಿಹಾಕಿದರು. "ಇದು ನಂದು ಕಣಪ್ಪಾ. ಈ ವರ್ಷ ನಮ್ಮೂರಿನ ಅಷ್ಟೂ ಪಲ್ಪರ್ ನಾನೇ ಸೆಟ್ ಮಾಡಿದೀನಿ, ಒಂದು ಬೀಜ ತುಂಡಾಗಿಲ್ಲ. ನನ್ನ ಹೆಸರು ಬರಿಯಪ್ಪ, ದಪ್ಪಕ್ಕೆ!" ಜಿಯಾಉದ್ದೀನ್ ಬರೆದು ಮುಗಿಸುವಷ್ಟರಲ್ಲಿ, ಹಿಂದೆ ನಿಂತಿದ್ದ ರೈಟರು ಸೀಮೆಸುಣ್ಣಕ್ಕೆ ಕೈಚಾಚಿದರು: "ಆ ಹ್ಯಾಂಡಲ್ ನಂದು."