ಎರಡು ಜೇಬಿನ ಹುಣಸೆ ಬೀಜ

ನಿಜಾಮಶಾಹಿಯ ಕೊನೆಯ ವರ್ಷದ ಗದ್ದಲದಲ್ಲಿ ಊರು ಬಿಟ್ಟಿದ್ದ ನಾವು ಕೊಪ್ಪಳಕ್ಕೆ ಮರಳಿದಾಗ ಅಕ್ಕನ ಖಾನಾವಳಿಯ ಬಾಗಿಲು ಮುರಿದಿತ್ತು. ಒಲೆಗಳು ಮಾತ್ರ ಹಾಗೇ ಇದ್ದವು. ಭಾವ ತೀರಿಕೊಂಡ ಮೇಲೆ ಅವಳು ಯಾರ ಹಂಗೂ ಇಲ್ಲದೆ ಬದುಕಿದ್ದು ಆ ಒಲೆಗಳಿಂದಲೇ. ಈಗ ಕುಷ್ಟಗಿಯಿಂದ ಅವಳ ಮೈದುನ ಹೇಳಿಕಳಿಸಿದ್ದ: ಖಾನಾವಳಿ ಇನ್ನು ನಡೆಯಲಿಕ್ಕಿಲ್ಲ, ಅಮಾವಾಸ್ಯೆ ಕಳೆದ ಮೇಲೆ ಬಂಡಿ ಕಳಿಸುತ್ತೇನೆ, ನಮ್ಮ ಮನೆಗೆ ಬಂದುಬಿಡಲಿ ಎಂದು. ಆ ಮನೆಯಲ್ಲಿ ಅವಳಿಗೆ ಕಾದಿದ್ದದ್ದು ಎಮ್ಮೆಯ ಸಗಣಿ ಮತ್ತು ನೆಗೆಣ್ಣಿಯ ಮಾತು.

ಒಲೆ ಮತ್ತೆ ಹಚ್ಚುವ ಮೊದಲು ಊರಿನಲ್ಲಿ ಯಾರು ಎಲ್ಲಿ ಉಣ್ಣುತ್ತಾರೆ ನೋಡಿಕೊಂಡು ಬಾ ಎಂದು ಅಕ್ಕ ನನ್ನನ್ನು ಸಂತೆಗೆ ಕಳಿಸಿದಳು. ಆ ಗದ್ದಲ ಕಂಡ ಮೇಲೆ ನನಗೆ ಜನ ಗುಂಪುಗೂಡಿದರೆ ಹೆದರಿಕೆ. ಎಣಿಸುವ ಕೆಲಸವಿದ್ದರೆ ಕಣ್ಣಿಗೊಂದು ಆಸರೆ. ಒಂದಷ್ಟು ಹುಣಸೆ ಬೀಜ ಹಿಡಿದು ಬೇವಿನ ಕಟ್ಟೆಯ ಮೇಲೆ ಕೂತೆ. ಎದುರಿಗೆ ಎರಡು ಖಾನಾವಳಿ, ಒಂದು ಚಹಾದ ಹೋಟೆಲು. ಖಾನಾವಳಿಗೆ ಉಣ್ಣಲು ಹೋದವರಿಗೆ ಒಂದೊಂದು ಬೀಜ ಬಲ ಜೇಬಿಗೆ. ನೆರಳಲ್ಲಿ ಬುತ್ತಿ ಬಿಚ್ಚಿದವರಿಗೆ ಒಂದೊಂದು ಎಡ ಜೇಬಿಗೆ. ಎಲ್ಲೋ ತಗಡು ಬಿದ್ದ ಸದ್ದಿಗೆ ಬೆಚ್ಚಿ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದೆ.

ಸಂಜೆ ಅಕ್ಕನ ಮುಂದೆ ಎರಡೂ ಜೇಬು ಸುರುವಿದೆ. ಬಲಗಡೆಯವು ಅರ್ಧ ಹಿಡಿಯಾಗಲಿಲ್ಲ. ಎಡಗಡೆಯವು ಮೊರದ ತುಂಬ ಹರಡಿದವು. ಇರುವ ಖಾನಾವಳಿಗಳೇ ಖಾಲಿ, ಇನ್ನೊಂದು ಯಾಕೆ ಎಂದೆ. ಅವಳು ಎಡಗಡೆಯ ಬೀಜಗಳನ್ನೇ ಬೆರಳಲ್ಲಿ ಸರಿಸಿ ನೋಡಿದಳು.

ಒಂದೇ ಸಂತೆಯನ್ನು ನಂಬಬಾರದೆಂದು ಮುಂದಿನ ವಾರವೂ ಹೋದೆ. ಜೇಬುಗಳು ಹಾಗೆಯೇ ತುಂಬುತ್ತಿದ್ದವು. ಬಣ್ಣದ ಗೊಂಬೆಗಳ ಬುಟ್ಟಿ ಇಳಿಸಿ ಕಿನ್ನಾಳದವನೊಬ್ಬ ನನ್ನ ಪಕ್ಕದಲ್ಲೇ ಬುತ್ತಿ ಬಿಚ್ಚಿದ.

"ಜೇಬಿನ್ಯಾಗ ಹುಣಸಿ ತೋಪು ಹಚ್ಚಾಕ ಹೊಂಟೀರೇನ್ರಿ?" ಎಂದ.

ಇದ್ದದ್ದನ್ನು ಹೇಳಿದೆ. ತನ್ನನ್ನು ಯಾವ ಜೇಬಿಗೆ ಹಾಕಿದಿರಿ ಎಂದು ಕೇಳಿದ. ಎಡದ್ದಕ್ಕೆ ಎಂದೆ.

"ರೊಟ್ಟಿ ಮನಿಯಿಂದ ತಂದೀನಿ, ಖರೆ. ಬಿಸಿ ಸಾರು ಹ್ಯಾಂಗ ಕಟಗೊಂಡು ಬರ್ಲಿ? ಖಾನಾವಳ್ಯಾಗ ಕೇಳಿದ್ರ, ಪೂರಾ ಊಟ ಮಾಡೋದಿದ್ರ ಒಳಗ ಬಾ ಅಂತಾರ."

ಕಟಕಟ ಎನ್ನುವ ರೊಟ್ಟಿಯನ್ನು ಅವನು ಉಳ್ಳಾಗಡ್ಡಿಯ ಜೊತೆ ಕಡಿದು ನೀರು ಕುಡಿದ. ಎಣಿಸುವುದನ್ನು ಬಿಟ್ಟು ಎಡ ಜೇಬಿನವರ ಮುಂದೆಲ್ಲ ನಡೆದು ನೋಡಿದೆ. ಗುಂಪಿನೊಳಗೆ ಹೋಗಿದ್ದೇನೆ ಎಂಬುದು ನಡುವೆ ಬಂದಮೇಲೆ ಗೊತ್ತಾಯಿತು.

ಮನೆಯಲ್ಲಿ ಅಕ್ಕ ಕೇಳಿದ್ದು ಒಂದೇ ಮಾತು: "ಬಿಸೀದು ಯಾರ ಬುತ್ತ್ಯಾಗೂ ಇರಲಿಲ್ಲೇನು, ತಮ್ಮಾ?"

"ಚಟ್ನಿ ಇತ್ತು, ಉಪ್ಪಿನಕಾಯಿ ಇತ್ತು. ಬಿಸೀದು ಒಂದೂ ಇಲ್ಲಕ್ಕಾ."

ಮೂರನೆಯ ಸಂತೆಯ ಹಿಂದಿನ ದಿನ ಅವಳು ಪಲ್ಯಕ್ಕೆಂದು ಮಡಕೆಕಾಳು ನೆನೆಯಿಟ್ಟಳು. ರೊಟ್ಟಿ ನಿಮ್ಮದು, ಸಾರು ಪಲ್ಯ ನಮ್ಮದು, ಅಷ್ಟಕ್ಕೇ ದುಡ್ಡು ಎಂದು ನಾನು ಸಂತೆಯಲ್ಲಿ ಹೇಳುತ್ತ ತಿರುಗಿದೆ. ಮಧ್ಯಾಹ್ನಕ್ಕೆ ಅಕ್ಕನ ಖಾನಾವಳಿಯ ಜಗುಲಿ ತುಂಬಿ ಜನ ಬೀದಿಗಿಳಿದು ಕೂತಿದ್ದರು. ಮೈದುನನ ಬಂಡಿ ಬಂದದ್ದು ಆಗಲೇ. ಹೊತ್ತಾಯಿತು, ಬರ್ರಿ ಎಂದು ಬಂಡಿಯವನು ಅವಸರ ಮಾಡಿದ.

"ಬುತ್ತಿ ತಂದೀಯೇನಪಾ?" ಎಂದಳು ಅಕ್ಕ.

"ತಂದೀನ್ರಿ ಅವ್ವಾರ."

"ಹಂಗಾರ ಉಂಡು ಹೋಗು. ನಾ ಬರೂದಿಲ್ಲ ಅಂತ ಹೇಳು."

ಅವನು ಎತ್ತುಗಳಿಗೆ ಮೇವು ಹಾಕಿ ಸಾಲಿನ ತುದಿಯಲ್ಲಿ ಕೂತ. ಅಕ್ಕ ಸೌಟನ್ನು ನನ್ನ ಕೈಗೆ ಕೊಟ್ಟು, ಒಲೆಯ ಮೇಲೆ ಇನ್ನೊಂದು ಗಡಿಗೆ ಏರಿಸಲು ಒಳಗೆ ಹೋದಳು.