ಹುಲ್ಲಿನ ಹೊರಗಿನ ದೀಪ

ಹೋದ ವಾರ ಸಿಂಧನೂರಿನ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆ. ನನ್ನ ಫೋನಿಗೆ ಚಾರ್ಜರ್ ಚುಚ್ಚುವ ಜಾಗ ಸಡಿಲವಾಗಿ, ಅದರ ವೈರಿನ ಮೇಲೆ ದಿನಾಲೂ ಬೇಳೆಯ ಡಬ್ಬಿ ಹೇರಿ ಕೂರಿಸಬೇಕಾಗಿತ್ತು. ಅಂಗಡಿಯವನು ಕಾದ ಬೆಸುಗೆ ಕಡ್ಡಿಯನ್ನು ಹಳದಿ ರಾಳಕ್ಕೆ ಮುಟ್ಟಿಸಿದ. ಚುಸ್ ಎಂದು ಎಳೆಹೊಗೆ ಎದ್ದಿತು. ಅರ್ಧ ಗುಡಿಯ ವಾಸನೆ, ಅರ್ಧ ಕಾರ್ಖಾನೆಯ ವಾಸನೆ ಅದು. ಎರಡು ವರ್ಷದ ಹಿಂದೆ ಒಂದು ಇಡೀ ಚಳಿಗಾಲ ನನ್ನ ಅಡುಗೆಮನೆಯಲ್ಲಿ ಒಗ್ಗರಣೆಯ ಜೊತೆ ಆ ವಾಸನೆಯೂ ಇತ್ತು.

ಅದನ್ನು ತಂದವಳು ಪವಿತ್ರಾ, ನನ್ನ ತಂಗಿ ನೀಲಮ್ಮನ ಮಗಳು. ಮಸ್ಕಿಯಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಪವಿತ್ರಾ ಆಗ ಹತ್ತನೇ ಇಯತ್ತೆ. ಎಳೆಯರ ಹೊಸ ಉಪಕರಣಗಳ ಸ್ಪರ್ಧೆಗೆ ಅವಳ ಶಾಲೆಯಿಂದ ಮಕ್ಕಳನ್ನು ಕಳಿಸುವವರಿದ್ದರು. ಒಬ್ಬಳು ನೀರಿನ ಟಾಕಿ ತುಂಬಿದರೆ ಕೂಗುವ ಗಂಟೆ ಮಾಡಿದಳು, ಒಬ್ಬ ಕುರುಡರ ಕೋಲು ಮಾಡಿದ. ಪವಿತ್ರಾ ತನ್ನದನ್ನು ನನ್ನ ಒಲೆಯ ಕಟ್ಟೆಯ ಮೇಲೆ ಮಾಡತೊಡಗಿದಳು. ಬೆಸುಗೆ ಹಾಕುವಾಗ ವೈರು ಹಿಡಿಯುವ ಕೆಲಸ ನನ್ನದು. ಇಕ್ಕಳದಿಂದ ಬಿಸಿ ಪಾತ್ರೆ ಹಿಡಿದ ಕೈಗೆ ಇದೇನು ಮಹಾ ಎಂದುಕೊಂಡಿದ್ದೆ. ಎರಡು ಸಲ ಸುಟ್ಟುಕೊಂಡ ಮೇಲೆ, "ದೊಡ್ಡವ್ವ, ನೀ ರೊಟ್ಟಿ ಬಡಿ, ವೈರು ನಾನ ನೋಡ್ಕೋತೀನಿ" ಎಂದು ನನ್ನನ್ನು ಕೆಲಸದಿಂದ ತೆಗೆದಳು.

ಮಾಡಿದ್ದು ಒಂದು ಕೆಂಪು ದೀಪ. ಟ್ರ್ಯಾಕ್ಟರಿನ ಟ್ರೇಲರಿನ ಹಿಂದೆ ಕಟ್ಟುವಂಥದ್ದು. ಹಗಲು ಬಿಸಿಲಿನಿಂದ ಚಾರ್ಜ್ ಆಗುತ್ತದೆ, ಕತ್ತಲಾದರೆ ತಾನೇ ಹತ್ತುತ್ತದೆ, ಡ್ರೈವರ್ ನೆನಪಿಟ್ಟು ಒತ್ತುವ ಬಟನ್ನೇ ಇಲ್ಲ. ಅದಕ್ಕೆ ಗೂಡಾಗಿ ನನ್ನ ಉಪ್ಪಿನಕಾಯಿಯ ಪಾರದರ್ಶಕ ಡಬ್ಬಿಯನ್ನು ಒಯ್ದಳು. ಎಷ್ಟು ತೊಳೆದರೂ ಮಾವಿನಕಾಯಿಯ ಖಾರದ ವಾಸನೆ ಹೋಗಲಿಲ್ಲ.

ಯಾಕೆ ಮಾಡಿದಳೆಂದು ಕೇಳುವ ಅಗತ್ಯ ನಮ್ಮ ಓಣಿಯಲ್ಲಿ ಯಾರಿಗೂ ಇರಲಿಲ್ಲ. ನಿಮಗೆ ಹೇಳಬೇಕು. ಸಿಂಧನೂರಿನ ಕಡೆ ಕಾಲುವೆ ನೀರಿದೆ, ನೆಲ್ಲಿದೆ, ಬೇಕಾದಷ್ಟು ಹುಲ್ಲಿದೆ. ಲಿಂಗಸುಗೂರು, ಗುರುಗುಂಟಾದ ಕಡೆ ಒಣಭೂಮಿ, ದನಕರುಗಳು ಬಹಳ. ಹೀಗಾಗಿ ಸುಗ್ಗಿ ಮುಗಿಯಿತೆಂದರೆ ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪಿನ ಗದ್ದೆಗಳಿಂದ ಹುಲ್ಲು ಹೇರಿಕೊಂಡು ಟ್ರೇಲರುಗಳು ಮಸ್ಕಿ ದಾಟಿ ಪಶ್ಚಿಮಕ್ಕೆ ಹೊರಡುತ್ತವೆ. ದೂರದಿಂದ ನೋಡಿದರೆ ರಸ್ತೆಯಲ್ಲಿ ಬಣವೆಗಳೇ ನಡೆದು ಬಂದಂತೆ. ಗಾಡಿ ಕೆಟ್ಟು ನಿಂತರೆ ಹಿಂದೆ ಬರುವವರಿಗೆ ಗುರುತಾಗಿ ನಾಲ್ಕು ಕಲ್ಲಿಟ್ಟು ಹಸಿ ಟೊಂಗೆ ಸಿಗಿಸುವುದು ಇಲ್ಲಿಯ ರೂಢಿ. ಗಾಡಿ ಹೋದ ಮೇಲೂ ಕಲ್ಲು ಅಲ್ಲೇ ಉಳಿದು ಇನ್ನೊಬ್ಬರನ್ನು ಬೀಳಿಸುತ್ತವೆ, ಅದು ಬೇರೆ ಮಾತು.

ಪವಿತ್ರಾಳ ಅಣ್ಣ ಶರಣು ಒಂದು ಮುಸ್ಸಂಜೆ ಸಿಂಧನೂರಿನಿಂದ ಬೈಕಿನ ಮೇಲೆ ಬರುತ್ತಿದ್ದ. ನಮ್ಮೂರಿನವನೇ ಆದ ಅಮರಪ್ಪನ ಹುಲ್ಲಿನ ಟ್ರೇಲರು ಗಾಲಿ ಪಂಕ್ಚರಾಗಿ ರಸ್ತೆಯ ಬದಿ ನಿಂತಿತ್ತು. ಹಿಂದೆ ಸಿಗಿಸಲು ಟೊಂಗೆ ಮುರಿದು ತರಲೆಂದು ಅಮರಪ್ಪ ಬೇವಿನ ಗಿಡದ ಕಡೆ ಹೋಗಿದ್ದ. ಅಷ್ಟರಲ್ಲೇ ಆಯಿತು. ಶರಣುವನ್ನು ಎತ್ತಿ ಆಸ್ಪತ್ರೆಗೆ ಒಯ್ದವನೂ ಅಮರಪ್ಪನೇ. ಹುಡುಗ ಉಳಿಯಲಿಲ್ಲ.

ನನ್ನ ತಂಗಿ ನೀಲಾ ಅಮರಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಅವನು ಸಂತೆಯಲ್ಲಿ ಎದುರಾದರೆ ಇವಳು ಬದನೆಕಾಯಿ ಆರಿಸುವುದನ್ನು ಬಿಟ್ಟು ಮನೆಗೆ ಬರುತ್ತಿದ್ದಳು.

ಸ್ಪರ್ಧೆಯ ಮೊದಲ ಸುತ್ತು ಸಿಂಧನೂರಿನಲ್ಲಿ ಆಯಿತು. ಆಟಿಕೆ ಟ್ರ್ಯಾಕ್ಟರಿಗೆ ದೀಪ ಕಟ್ಟಿ ತೋರಿಸಿ ಪಾಸಾದಳು. ಆದರೆ ಮುಂದಿನ ಸುತ್ತು ಲಿಂಗಸುಗೂರಿನಲ್ಲಿ, ಅಷ್ಟರೊಳಗೆ ನಿಜವಾದ ಗಾಡಿಗೆ ಕಟ್ಟಿ ರಸ್ತೆಯ ಮೇಲೆ ಓಡಿಸಿರಬೇಕು ಎಂದರಂತೆ. ಪವಿತ್ರಾ ಟ್ರ್ಯಾಕ್ಟರಿನವರನ್ನೆಲ್ಲ ಕೇಳಿ ಬಂದಳು. ವೈರಿನ ಕಿಡಿ ಹುಲ್ಲಿಗೆ ಹತ್ತಿದರೆ ಯಾರು ಹೊಣೆ ಎಂದ ಒಬ್ಬ. ಮದುವೆ ಮನೆಗೆ ಕಟ್ಟು ಹೋಗವ್ವ ಎಂದು ನಕ್ಕ ಇನ್ನೊಬ್ಬ.

ಅವತ್ತು ಊಟಕ್ಕೆ ಕೂತಾಗ ಅವಳು ತಾಯಿಯ ಮುಖ ನೋಡದೆ ಕೇಳಿದಳು: "ಅಮರಪ್ಪ ಕಾಕಾನ್ನ ಕೇಳ್ಲೇನವ್ವ?"

ನೀಲಾ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಒಳಗೆ ಹೋದಳು. ಅವಳ ಗಂಡ ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದ. ನಾನು ಮಜ್ಜಿಗೆ ಬಡಿಸುವ ನೆಪದಲ್ಲಿ ಅಲ್ಲೇ ಸುಳಿದಾಡಿದೆ. ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆಯುತ್ತ ನೀಲಾ ಬೆನ್ನು ತಿರುಗಿಸಿಯೇ ಹೇಳಿದಳು: "ಕೇಳು ಹೋಗು. ಆದ್ರ ಆ ಗಾಡಿ ನಮ್ಮ ಓಣ್ಯಾಗ ಬರಬಾರ್ದು."

ಪವಿತ್ರಾಳ ಜೊತೆ ನಾನೇ ಹೋದೆ. ಅಮರಪ್ಪನ ಮನೆಯ ಮುಂದೆ ಹುಲ್ಲು ಹೇರಿದ ಟ್ರೇಲರು ನಿಂತಿತ್ತು. ನಮ್ಮನ್ನು ಕಂಡು ಅವನು ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡ. ಅವನ ಹೆಂಡತಿ ನೀರು ತಂದಳು. ಪವಿತ್ರಾ ಕುಡಿದಳು. ಅದನ್ನು ಕಂಡೇ ಅವನಿಗೆ ಉಸಿರು ಬಂದಂತಾಯಿತು. ಅವಳು ದೀಪ ತೋರಿಸಿ, ಹಿಂದಿನ ಹಲಗೆಗೆ ಕಟ್ಟಬೇಕೆಂದು ಹೇಳಿದಳು.

ಅಮರಪ್ಪ ಟ್ರೇಲರಿನ ಹಿಂದೆ ಹೋಗಿ, ಜೋತು ಬಿದ್ದ ಹುಲ್ಲನ್ನು ಎರಡೂ ಕೈಯಿಂದ ಮೇಲೆತ್ತಿ ಹಿಡಿದ. ಒಳಗೆ ಹಲಗೆಗೆ ಬಡಿದ ದುಂಡನೆಯ ಕೆಂಪು ಬಿಲ್ಲೆಯಿತ್ತು, ಬೆಳಕು ಬಿದ್ದರೆ ಹೊಳೆಯುವಂಥದ್ದು. ಅದರ ಮೇಲೆ ಧೂಳು ಕೂತಿತ್ತು.

"ಅವತ್ತೂ ಇಲ್ಲೇ ಇತ್ತವ್ವ ಇದು," ಎಂದ. "ಪೊಲೀಸರು ಹುಲ್ಲು ಸರಿಸಿ ನೋಡಿ, ಕೆಂಪು ಐತಿ ಅಂತ ಬರಕೊಂಡ್ರು. ಐತಿ ಖರೆ. ಶರಣೂಗ ಕಾಣಲಿಲ್ಲ."

ಹುಡುಗಿ ಅಳುತ್ತಾಳೆ ಎಂದುಕೊಂಡು ನಾನು ಸೆರಗು ಕೈಗೆ ತಗೊಂಡೆ. ಅವಳು ಆ ಬಿಲ್ಲೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಹುಲ್ಲು ಎಲ್ಲೀಮಟ ಇಳೀತದ ಕಾಕಾ?" ಎಂದು ಕೇಳಿದಳು. ಸೆರಗು ನನಗೇ ಬೇಕಾಯಿತು.

ಆಟಿಕೆಯ ಟ್ರೇಲರಿಗೆ ಹುಲ್ಲು ಇರಲಿಲ್ಲವಲ್ಲ. ಅಲ್ಲಿಂದ ಅವಳ ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು. ಹೇರನ್ನು ಬಿಗಿಯುವ ಹಗ್ಗದ ತುದಿ ಹಿಂದೆ ಹುಲ್ಲಿನ ಹೊರಗೆ ಇಳಿಬಿದ್ದಿರುತ್ತದೆ. ಡಬ್ಬಿಯನ್ನು ಅದಕ್ಕೇ ಕಟ್ಟಿದರು. ಮೊದಲ ದಿನ ಡಬ್ಬಿ ತಿರುಗಿ ಹುಲ್ಲಿನ ಕಡೆ ಮುಖ ಮಾಡಿತು. ಡಬ್ಬಿಯ ನಾಲ್ಕೂ ಕಡೆ ದೀಪ ಕೂರಿಸಿದಳು, ಹೇಗೆ ತಿರುಗಿದರೂ ಒಂದು ಹಿಂದೆ ಕಾಣಬೇಕು ಎಂದು.

ಗಾಡಿ ಓಣಿಗೆ ಬರುವಂತಿರಲಿಲ್ಲ. ಟ್ರಿಪ್ ಮುಗಿದ ಮೇಲೆ ಅಮರಪ್ಪ ಡಬ್ಬಿ ಬಿಚ್ಚಿಕೊಂಡು ಓಣಿಯ ಬಾಯಿಗೆ ನಡೆದು ಬಂದು ನನ್ನ ಕೈಗೆ ಕೊಡುತ್ತಿದ್ದ. ರಿಪೇರಿಯಾದ ಮೇಲೆ ನಾನು ಅಲ್ಲಿಗೇ ಒಯ್ದು ಕೊಡುತ್ತಿದ್ದೆ. ಗುರುಗುಂಟಾದ ರಸ್ತೆಯಲ್ಲಿ ದೀಪ ಕಂಡು ಬಸ್ಸಿನವನೊಬ್ಬ ದೂರದಿಂದಲೇ ನಿಧಾನ ಮಾಡಿದ ಎಂದು ಅಮರಪ್ಪ ಒಂದು ದಿನ ಹೇಳಿದ. ಆ ಮಾತನ್ನು ನಾನು ನೀಲಾಳಿಗೆ ಕೇಳಿಸಲೆಂದು ಅಂಗಳದಲ್ಲಿ ನಿಂತು ಪವಿತ್ರಾಳಿಗೆ ಗಟ್ಟಿಯಾಗಿ ಹೇಳಿದೆ. ನೀಲಾ ಅಕ್ಕಿ ಆರಿಸುತ್ತಿದ್ದಳು. ಅವಳ ಕೈ ಸ್ವಲ್ಪ ಹೊತ್ತು ನಿಂತಿತು.

ಲಿಂಗಸುಗೂರಿಗೂ ನಾನೇ ಜೊತೆಗೆ ಹೋದೆ. ತಾನಾಗಿ ನಡೆಯುವ ಬಂಡಿ, ಮಾತಾಡುವ ಡಬ್ಬ, ಏನೆಲ್ಲ ಇದ್ದವು. ಅವುಗಳ ನಡುವೆ ಹಗ್ಗ ಸುತ್ತಿದ ನಮ್ಮ ಉಪ್ಪಿನಕಾಯಿ ಡಬ್ಬಿ ಮನೆ ಬಿಟ್ಟು ಬಂದ ಹಾಗೆ ಕಾಣುತ್ತಿತ್ತು. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಸಮಾಧಾನದಿಂದಲೇ ಕೇಳಿದರು, ಇಂಥ ದೀಪಗಳು ಪೇಟೆಯಲ್ಲಿ ಸಿಗುತ್ತವಲ್ಲ, ಇದರಲ್ಲಿ ಹೊಸದೇನಿದೆ ಎಂದು.

"ಹೊಸದೇನಿಲ್ರಿ ಸರ್," ಎಂದಳು ಪವಿತ್ರಾ. "ಹುಲ್ಲಿನ ಹೊರಗ ಐತ್ರಿ."

ಅವರು ಏನೋ ಬರೆದುಕೊಂಡು ಮುಂದೆ ಹೋದರು. ಸಮಾಧಾನಕರ ಬಹುಮಾನವೆಂದು ಒಂದು ಸ್ಟೀಲಿನ ಬಾಟಲಿ ಬಂತು. ಬಸ್ಸಿನಲ್ಲಿ ಹುಡುಗಿಗಿಂತ ನನ್ನ ಮುಖವೇ ಸಣ್ಣದಾಗಿತ್ತು. ಮನೆಗೆ ಬಂದಾಗ ನೀಲಾ ಬಹುಮಾನದ ಮಾತೆತ್ತಲಿಲ್ಲ, ಡಬ್ಬಿ ಎಲ್ಲಿ ಎಂದು ಕೇಳಿದಳು. ನಾಳೆ ಟ್ರಿಪ್ ಇದೆಯೆಂದು ಕಾಕಾನಿಗೆ ಕೊಟ್ಟು ಬಂದೆ ಎಂದಳು ಮಗಳು.

ಪವಿತ್ರಾ ಈಗ ಲಿಂಗಸುಗೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಾಳೆ. ದೀಪ ಹತ್ತುತ್ತದೋ ಇಲ್ಲವೋ ನೋಡಿ ಕೊಡುವ ಡಬ್ಬಿಯ ವ್ಯವಹಾರ ಸುಗ್ಗಿಯಿಂದ ಸುಗ್ಗಿಗೆ ನನ್ನ ಪಾಲಿಗೇ ಉಳಿದಿತ್ತು. ಹೋದ ವಾರ ಫೋನು ರಿಪೇರಿಯಾಗುವವರೆಗೂ ಕಾಯ್ದು, ಬಸ್ಸು ಹಿಡಿದು ಮಸ್ಕಿಯಲ್ಲಿ ಇಳಿದಾಗ ಸಂಜೆ ಬಿಸಿಲು ಇನ್ನೂ ಇತ್ತು. ಓಣಿ ತಿರುಗಿದವಳು ಅಲ್ಲೇ ನಿಂತೆ. ಎರಡೂ ಕಡೆಯ ಗೋಡೆಗೆ ಉಜ್ಜುವಂತೆ ಹುಲ್ಲಿನ ಟ್ರೇಲರು ನೀಲಾಳ ಬಾಗಿಲ ಮುಂದೆ ನಿಂತಿತ್ತು. ಅಮರಪ್ಪ ದೂರದಲ್ಲಿ ಟವೆಲ್ ಹಿಂಡುತ್ತ ನಿಂತಿದ್ದ. ಅವತ್ತು ನಾನು ಊರಲ್ಲಿಲ್ಲದಾಗ ಅವನು ಡಬ್ಬಿ ತೋರಿಸಲು ಓಣಿಯ ಬಾಯಿಗೆ ಬಂದು ಕಾಯುತ್ತಿದ್ದನಂತೆ. ನೀಲಾ ತಾನೇ ಹೊರಗೆ ಬಂದು, ಕೈಯಲ್ಲಿ ಹಿಡಿದು ನೋಡಿದರೆ ಏನು ಗೊತ್ತಾಗುತ್ತದೆ, ಗಾಡಿಗೆ ಕಟ್ಟಿಕೊಂಡು ಬನ್ನಿ ಎಂದಳಂತೆ.

ಅವಳು ಟ್ರೇಲರಿನ ಹಿಂದೆ ನಿಂತು ಹಗ್ಗದ ಡಬ್ಬಿಯನ್ನು ಎರಡೂ ಅಂಗೈಯಿಂದ ಮುಚ್ಚಿದಳು, ಒಳಗೆ ಕತ್ತಲಾಗುವಂತೆ. ಬೆರಳ ಸಂದಿಯಿಂದ ಕೆಂಪು ಬೆಳಕು ಹೊರಬಿತ್ತು. ಕೈ ತೆಗೆದಳು, ಆರಿತು. ಇನ್ನೊಂದು ಸಲ ಮುಚ್ಚಿ ನೋಡಿದಳು.

"ಹತ್ತತೈತಿ," ಎಂದಳು. "ಹುಷಾರಾಗಿ ಹೋಗ್ರಿ."

ಗಾಡಿ ಹಿಂದೆ ಸರಿದು ಹೋಯಿತು. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ನೀಲಾ ಓಣಿಯ ತುಂಬ ಉದುರಿದ್ದ ಹುಲ್ಲನ್ನೆಲ್ಲ ಗುಡಿಸಿ ಗುಂಪು ಹಾಕಿದ್ದಳು. ಬಿಸಾಡುತ್ತಾಳೆ ಎಂದುಕೊಂಡೆ. ತೆಕ್ಕೆಯಲ್ಲಿ ಎತ್ತಿಕೊಂಡು ಹೋಗಿ ಎದುರು ಮನೆಯ ಎಮ್ಮೆಯ ಮುಂದೆ ಹಾಕಿ, ಅದು ತಿನ್ನುವವರೆಗೂ ಅಲ್ಲೇ ನಿಂತಳು.